ಚಾಟ್ ಸರ್ವರ್‌ಗೂ ಕಾಂಡಕೊರಕ ಬೀಳುತ್ತದೆ: ಪತ್ತೆ ಹೇಗೆ, ಪರಿಹಾರ ಏನು?

ಬಿಳಿ ಕಾಂಡಕೊರಕ ಹುಳು ಹೊಕ್ಕ ಅರೇಬಿಕಾ ಕಾಫಿ ಗಿಡ ದೂರದಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಹತ್ತಿರ ಹೋಗಿ ಕಾಂಡದ ಮೇಲೆ ಕೈಯಾಡಿಸಿದಾಗಲೇ ತೊಗಟೆಯಡಿಯ ಉಬ್ಬು ಬೆರಳಿಗೆ ತಾಗುವುದು. ಚಿಕ್ಕಮಗಳೂರಿನ ಬೆಳೆಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸರ್ವರ್ ನೋಡಿಕೊಳ್ಳುವ ನನಗೆ ಮಾತ್ರ ಈ ಪಾಠ ತಡವಾಗಿ ಸಿಕ್ಕಿತು.

ಇಲ್ಲಿನ ಕಾಫಿ ಖರೀದಿ ಕಚೇರಿಯೊಂದರಲ್ಲಿ ಓಪನ್‌ಫೈರ್ ಎಂಬ ಚಾಟ್ ಸರ್ವರ್ ಇತ್ತು. ಮಳೆಗಾಲದಲ್ಲಿ ಇಂಟರ್ನೆಟ್ ಹೋದರೂ ಕಚೇರಿಯೊಳಗೆ ಸಂದೇಶ ಓಡಾಡುತ್ತದೆ, ದರ ಮತ್ತು ಲಾಟ್ ನಂಬರ್ ಹೊರಗೆ ಹೋಗುವುದಿಲ್ಲ ಎಂದು ಅವರು ಅದನ್ನು ಇಟ್ಟುಕೊಂಡಿದ್ದರು. ಆವೃತ್ತಿ ಹಳೆಯದು ಎಂದು ಗೊತ್ತಾಗಿ ಸೆಪ್ಟೆಂಬರಿನಲ್ಲಿ ನಾನೇ ಅಪ್‌ಡೇಟ್ ಮಾಡಿ ಬಂದೆ. ಡಿಸೆಂಬರಿನಲ್ಲಿ, ಕೊಯ್ಲಿನ ಗಡಿಬಿಡಿಯ ನಡುವೆ, ಗುಮಾಸ್ತರ ಫೋನು: "ಮೂರು ದಿನದಿಂದ ಆ ಡಬ್ಬದ ಫ್ಯಾನು ಒಂದೇ ಸಮ ಕೂಗ್ತಾ ಇದೆ ಸಾರ್." ಹೋಗಿ ನೋಡಿದರೆ ಯಾರದೋ ಲಾಭಕ್ಕೆ ನಮ್ಮ ಸರ್ವರ್ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ಮಾಡುತ್ತಿತ್ತು. ಕಳ್ಳ ನಾನು ಅಪ್‌ಡೇಟ್ ಮಾಡುವ ಮೊದಲೇ ಒಳಗಿದ್ದ. ನಾನು ಬಾಗಿಲಿಗೆ ಹೊಸ ಬೀಗ ಹಾಕಿದ್ದೆ, ಕೋಣೆಯೊಳಗೆ ಇಣುಕಿರಲಿಲ್ಲ. ನಿಮ್ಮಲ್ಲೂ ಹೀಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ತೂತು ಎಲ್ಲಿತ್ತು?

ದೂರದಲ್ಲಿ ಕೂತವನು ನಮ್ಮ ಸರ್ವರ್ ಮೇಲೆ ತನಗೆ ಬೇಕಾದ ಪ್ರೋಗ್ರಾಮ್ ಓಡಿಸಲು ಎಡೆಕೊಡುವ ದೋಷಕ್ಕೆ ರಿಮೋಟ್ ಕೋಡ್ ಎಕ್ಸಿಕ್ಯೂಷನ್ ಎನ್ನುತ್ತಾರೆ. ಮೇಲ್ ಮತ್ತು ಚಾಟ್ ಸರ್ವರ್‌ಗಳಿಗೆ ಇದರ ಕಾಟ ಹೆಚ್ಚು, ಏಕೆಂದರೆ ಅಪರಿಚಿತರು ಕಳಿಸಿದ್ದನ್ನು ತೆರೆದು ಓದುವುದೇ ಅವುಗಳ ಕೆಲಸ. 2019ರಲ್ಲಿ ಎಕ್ಸಿಮ್ ಮೇಲ್ ಸರ್ವರ್‌ನ 4.87ರಿಂದ 4.91ರವರೆಗಿನ ಆವೃತ್ತಿಗಳಲ್ಲಿ, 2021ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನಲ್ಲಿ, 2023ರ ಅಕ್ಟೋಬರಿನಲ್ಲಿ ಪ್ರೋಗ್ರಾಮ್‌ಗಳ ನಡುವೆ ಸಂದೇಶ ಸಾಗಿಸುವ ಅಪಾಚೆ ಆಕ್ಟಿವ್‌ಎಂಕ್ಯೂನಲ್ಲಿ ಇಂಥ ದೋಷಗಳು ಬಯಲಾದವು.

ಓಪನ್‌ಫೈರ್‌ನ ದೋಷ ಹೊರಬಂದದ್ದು 2023ರ ಮೇ ತಿಂಗಳಲ್ಲಿ, ಸಿವಿಇ-2023-32315 ಎಂಬ ಗುರುತಿನೊಂದಿಗೆ. ಅದು ಹುಟ್ಟಿದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೊಸದಾಗಿ ಇನ್‌ಸ್ಟಾಲ್ ಮಾಡುವಾಗ ಇನ್ನೂ ಪಾಸ್‌ವರ್ಡ್ ಇರುವುದಿಲ್ಲವಲ್ಲ, ಹಾಗಾಗಿ ಸೆಟಪ್ ಪುಟಗಳನ್ನು ಲಾಗಿನ್ ಇಲ್ಲದೆಯೇ ತೆರೆಯಬಹುದು. ಆ ಪುಟಗಳ ವಿಳಾಸದಲ್ಲಿ ಎರಡು ಚುಕ್ಕೆ ಸೇರಿಸಿ ಹಿಂದಿನ ಫೋಲ್ಡರಿಗೆ ನುಸುಳುವ ಹಳೇ ತಂತ್ರಕ್ಕೆ ತಡೆಯೂ ಇತ್ತು. ಆದರೆ ಒಳಗಿರುವ ವೆಬ್ ಸರ್ವರ್ ಮುಂದೊಂದು ದಿನ ಮೇಲ್ದರ್ಜೆಗೇರಿ, ಚುಕ್ಕೆಯನ್ನು ಬೇರೊಂದು ಸಂಕೇತದಲ್ಲಿ ಬರೆದರೂ ಅರ್ಥ ಮಾಡಿಕೊಳ್ಳತೊಡಗಿತು. ಕಾವಲುಗಾರನಿಗೆ ಮಾತ್ರ ಆ ಲಿಪಿ ಬರುತ್ತಿರಲಿಲ್ಲ. 2015ರಲ್ಲಿ ಬಂದ 3.10.0 ಆವೃತ್ತಿಯಿಂದ ಎಂಟು ವರ್ಷ ಈ ಸಂದು ಹಾಗೇ ಇತ್ತು. ಅದರೊಳಗೆ ನುಸುಳಿದವನು ತನಗೊಂದು ಅಡ್ಮಿನ್ ಖಾತೆ ಸೃಷ್ಟಿಸಿಕೊಂಡು, ಪ್ಲಗಿನ್ (ಸರ್ವರ್‌ಗೆ ಸೇರಿಸುವ ಹೆಚ್ಚುವರಿ ತುಣುಕು) ವೇಷದ ದುಷ್ಟ ಪ್ರೋಗ್ರಾಮನ್ನು ಏರಿಸುತ್ತಿದ್ದ. ದುರಸ್ತಿ ಬಂದದ್ದು 4.6.8 ಮತ್ತು 4.7.5ರಲ್ಲಿ.

ಹಂತ 1: ಮೊಬೈಲ್ ಹಿಡಿದು ರಸ್ತೆಗೆ ಬನ್ನಿ

ಬ್ರೌಸರಿನಲ್ಲಿ ಸರ್ವರ್ ನಿರ್ವಹಿಸುವ ಅಡ್ಮಿನ್ ಕನ್ಸೋಲಿನ ಮೊದಲ ಪುಟದಲ್ಲೇ ಆವೃತ್ತಿಯ ಸಂಖ್ಯೆ ಇರುತ್ತದೆ, ಬರೆದುಕೊಳ್ಳಿ. ಆಮೇಲೆ ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಕಚೇರಿಯ ಪಬ್ಲಿಕ್ ಐಪಿ ವಿಳಾಸವನ್ನು 9090 ಪೋರ್ಟಿನೊಂದಿಗೆ ಬ್ರೌಸರಿನಲ್ಲಿ ಹೊಡೆಯಿರಿ. 9091ರಲ್ಲೂ ನೋಡಿ. ಲಾಗಿನ್ ಪುಟ ಕಂಡರೆ, ಅದು ಜಗತ್ತಿಗೆಲ್ಲ ಕಾಣುತ್ತಿದೆ ಎಂದೇ ಅರ್ಥ.

ಹಂತ 2: ಕನ್ಸೋಲ್ ಮುಚ್ಚಿ

ಇದನ್ನು ಇವತ್ತೇ ಮಾಡಿ, ಅಪ್‌ಡೇಟ್‌ಗೆ ಕಾಯಬೇಡಿ. ರೂಟರಿನಲ್ಲಿ 9090 ಮತ್ತು 9091ರ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕೋರಿಕೆಯನ್ನು ಒಳಗಿನ ಸರ್ವರ್‌ಗೆ ಕಳಿಸುವ ವ್ಯವಸ್ಥೆ) ತೆಗೆದುಹಾಕಿ. ಓಪನ್‌ಫೈರ್‌ನ ಎಕ್ಸ್‌ಎಂಎಲ್ ಸಂರಚನಾ ಕಡತದಲ್ಲಿ ಕನ್ಸೋಲನ್ನು 127.0.0.1ಕ್ಕೆ ಕಟ್ಟಿಹಾಕಿದರೆ ಆ ಯಂತ್ರದಿಂದ ಮಾತ್ರ ತೆರೆಯುತ್ತದೆ. ಬೆಂಗಳೂರಿನಲ್ಲಿ ಕೂತು ನಿರ್ವಹಿಸುವವರಿದ್ದರೆ ವಿಪಿಎನ್ ಮೂಲಕ ಬರಲಿ. ಮೂಡಿಗೆರೆ, ಸಕಲೇಶಪುರದ ಶಾಖೆಗಳ ಚಾಟ್‌ಗೆ ಬೇಕಾಗುವುದು 5222 ಪೋರ್ಟ್, ಕನ್ಸೋಲ್ ಮುಚ್ಚಿದರೆ ಅದಕ್ಕೆ ತೊಂದರೆಯಿಲ್ಲ.

ಹಂತ 3: ಮುಟ್ಟುವ ಮೊದಲು ನಕಲು

ಲಾಗ್ ಫೋಲ್ಡರ್, ಪ್ಲಗಿನ್ ಫೋಲ್ಡರ್, ಡೇಟಾಬೇಸ್ ಮೂರನ್ನೂ ಕಡತಗಳ ದಿನಾಂಕ ಬದಲಾಗದಂತೆ ಹೊರಗಿನ ಡಿಸ್ಕಿಗೆ ನಕಲು ಮಾಡಿ. ವರ್ಚುವಲ್ ಮಷೀನ್ ಆಗಿದ್ದರೆ ಸ್ನ್ಯಾಪ್‌ಶಾಟ್ ತೆಗೆಯಿರಿ. ಸೆಪ್ಟೆಂಬರಿನಲ್ಲಿ ನಾನು ಬಿಟ್ಟ ಹಂತ ಇದು. ಡಿಸೆಂಬರಿಗೆ ಹಳೇ ಲಾಗ್‌ಗಳು ಅಳಿಸಿಹೋಗಿದ್ದವು. ಯಾವ ದಿನ ನುಗ್ಗಿದರು ಎಂದು ಮಾಲೀಕರು ಕೇಳಿದಾಗ ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಹಂತ 4: ಕಾಂಡಕ್ಕೆ ಕೈಯಾಡಿಸಿ

ಅವಸರ ಬೇಡ, ಒಂದು ಮಧ್ಯಾಹ್ನ ಇದಕ್ಕೇ ಎತ್ತಿಡಿ.

ಮೊದಲು ಪ್ಲಗಿನ್. ಕನ್ಸೋಲಿನಲ್ಲಿ ಕಾಣುವ ಪಟ್ಟಿಯನ್ನಷ್ಟೇ ನಂಬದೆ ಡಿಸ್ಕಿನ ಫೋಲ್ಡರ್ ತೆರೆದು ಎರಡನ್ನೂ ತಾಳೆ ಹಾಕಿ. ಅಲ್ಲಿ 'ಅಡ್ಮಿನ್' ಹೆಸರಿನ ಫೋಲ್ಡರ್ ಇರುತ್ತದೆ. ಅದು ಕನ್ಸೋಲಿನದೇ, ಗಾಬರಿಯಾಗಿ ಅಳಿಸಬೇಡಿ. ನೀವು ಹಾಕದ ಜಾರ್ ಕಡತ (ಪ್ಲಗಿನ್ ಬರುವ ಜಾವಾ ಕಡತ) ಇದ್ದರೆ ಅದರ ನಕಲನ್ನು ಬೇರೆ ಯಂತ್ರದಲ್ಲಿ ಜಿಪ್ ಕಡತದಂತೆ ಬಿಚ್ಚಿ (ಓಡಿಸಬೇಡಿ), ಒಳಗಿನ ಪ್ಲಗಿನ್ ವಿವರದ ಕಡತ ಓದಿ. ನಮಗೆ ಸಿಕ್ಕ ಕಡತಕ್ಕೆ ತೀರಾ ಸಾಧು ಹೆಸರಿತ್ತು. ಅದರ ದಿನಾಂಕ ಒಂದು ಭಾನುವಾರ ನಸುಕಿನ 3 ಗಂಟೆಯದು. ಆ ಹೊತ್ತಿಗೆ ಕಚೇರಿಯಲ್ಲಿ ಕಾವಲುಗಾರನ ಹೊರತು ಯಾರಿರುತ್ತಾರೆ?

ಆಮೇಲೆ ಬಳಕೆದಾರರ ಪಟ್ಟಿ. ಅರ್ಥವಿಲ್ಲದ ಅಕ್ಷರಗಳ ಗುಂಪಿನಂಥ ಹೆಸರಿದ್ದು ಅದಕ್ಕೆ ಅಡ್ಮಿನ್ ಅಧಿಕಾರವಿದ್ದರೆ ಅಲ್ಲೇ ನಿಲ್ಲಿ, ಸಾಕ್ಷಿ ಸಿಕ್ಕಿದೆ. ಕನ್ಸೋಲಿನ ಸೆಕ್ಯುರಿಟಿ ಆಡಿಟ್ ನೋಡಿ, ಆದರೆ ಅಲ್ಲಿ ಏನೂ ಇಲ್ಲವೆಂದು ನಿರಾಳರಾಗಬೇಡಿ. ಅಡ್ಮಿನ್ ಖಾತೆ ಸೃಷ್ಟಿಸದೆಯೇ ಪ್ಲಗಿನ್ ಏರಿಸುವ ದಾರಿಯನ್ನೂ ಸಂಶೋಧಕರು ತೋರಿಸಿದ್ದಾರೆ.

ಓಪನ್‌ಫೈರ್‌ನ ಎದುರು ಎಂಜಿನ್‌ಎಕ್ಸ್‌ನಂಥ ಪ್ರಾಕ್ಸಿ (ಕೋರಿಕೆಗಳನ್ನು ಮೊದಲು ಪಡೆದು ದಾಟಿಸುವ ಪ್ರೋಗ್ರಾಮ್) ಇದ್ದರೆ ಅದರ ಲಾಗ್ ನೋಡಿ. ಸೆಟಪ್ ಪುಟದ ವಿಳಾಸದ ಬೆನ್ನಿಗೇ ಶೇಕಡಾ ಚಿಹ್ನೆ, ಯು ಅಕ್ಷರ, 002, ಕೊನೆಗೆ ಇ ಅಕ್ಷರ: ಈ ಸಾಲು ಇದೆಯೇ ಹುಡುಕಿ. ಚುಕ್ಕೆಯ ಆ ಬೇರೆ ಲಿಪಿ ಇದೇ. ಸೆಟಪ್ ಮುಗಿದು ವರ್ಷಗಳಾದ ಸರ್ವರ್‌ಗೆ ಹೊರಗಿನಿಂದ ಸೆಟಪ್ ಪುಟದ ಕೋರಿಕೆ ಬಂದದ್ದೇ ಅನುಮಾನಕ್ಕೆ ಸಾಕು.

ಕೊನೆಗೆ ಓಡುತ್ತಿರುವ ಪ್ರೋಗ್ರಾಮ್‌ಗಳು. ಓಪನ್‌ಫೈರ್ ಎಂದರೆ ಒಂದು ಜಾವಾ ಪ್ರಕ್ರಿಯೆ. ಆದೇಶ ಓಡಿಸುವ, ಕಡತ ಇಳಿಸುವ ಬ್ಯಾಶ್, ಕರ್ಲ್ ಅಥವಾ ಪವರ್‌ಶೆಲ್‌ನಿಂದ ಚಾಟ್ ಸರ್ವರ್‌ಗೆ ಏನು ಕೆಲಸ? ಜಾವಾದ ಮರಿಗಳನ್ನಷ್ಟೇ (ಅದು ಹುಟ್ಟಿಸಿದ ಪ್ರಕ್ರಿಯೆಗಳನ್ನಷ್ಟೇ) ನೋಡಿದರೆ ಸಾಲದು, ಕೆಲವು ಮರಿಗಳು ತಾಯಿಯಿಂದ ಕಳಚಿಕೊಂಡು ಓಡುತ್ತವೆ. ಓಪನ್‌ಫೈರ್ ಬಳಕೆದಾರನ ಹೆಸರಿನಲ್ಲಿರುವ ಎಲ್ಲ ಪ್ರಕ್ರಿಯೆಗಳನ್ನೂ, ನಿಗದಿತ ಸಮಯಕ್ಕೆ ತಾನಾಗಿ ಓಡುವ ಕೆಲಸಗಳ ಅವನ ಕ್ರಾನ್ ಪಟ್ಟಿಯನ್ನೂ, ಹೊರಗಿನ ಯಾವ ಐಪಿಗಳಿಗೆ ಸಂಪರ್ಕ ಹೋಗುತ್ತಿದೆ ಎಂಬುದನ್ನೂ ನೋಡಿ. ಕಿನ್ಸಿಂಗ್ ಎಂಬ ಮಾಲ್‌ವೇರ್ 2023ರಲ್ಲಿ ಇದೇ ದೋಷದ ಮೂಲಕ ಗಣಿಗಾರಿಕೆಯ ಪ್ರೋಗ್ರಾಮ್ ಇಳಿಸುತ್ತಿತ್ತು.

ಹಂತ 5: ಏನೂ ಸಿಗದಿದ್ದರೆ

ಈಗ ಲಭ್ಯವಿರುವ ಹೊಸ ಆವೃತ್ತಿಗೇ ಹೋಗಿ, ದುರಸ್ತಿಯಾದ ಮೊದಲ ಆವೃತ್ತಿಗಲ್ಲ. ಜಾವಾ ಕೂಡ ಹೊಸದಾಗಲಿ.

ಹಂತ 6: ಉಬ್ಬು ಸಿಕ್ಕರೆ

ನೆಟ್‌ವರ್ಕ್ ತಂತಿ ಕಿತ್ತುಬಿಡಿ, ಕರೆಂಟ್ ಮಾತ್ರ ತೆಗೆಯಬೇಡಿ. ಮೆಮೊರಿಯಲ್ಲಿರುವ ಸಾಕ್ಷಿ ಯಂತ್ರ ಆರಿದೊಡನೆ ಹೋಗುತ್ತದೆ. ಮಲೆನಾಡಿನ ಕರೆಂಟ್ ಗೊತ್ತಲ್ಲ, ಯುಪಿಎಸ್ ಮೇಲೆ ಇದೆಯೇ ಖಚಿತಪಡಿಸಿಕೊಳ್ಳಿ.

ಕೆಟ್ಟ ಪ್ಲಗಿನ್ ಅಳಿಸಿ ಮುಂದುವರಿಯುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಕೊರಕ ಹೊಕ್ಕ ಗಿಡದ ಎಲೆ ಕಿತ್ತರೆ ಹುಳು ಹೋಗುತ್ತದೆಯೇ? ಗಿಡವನ್ನೇ ಬುಡಸಮೇತ ಕಿತ್ತು ಸುಡುತ್ತೇವೆ. ಎಕ್ಸ್‌ಚೇಂಜ್ ಪ್ರಕರಣದಲ್ಲಿ ಕಳ್ಳರು ಬಿಟ್ಟುಹೋದ ವೆಬ್‌ಶೆಲ್‌ಗಳು (ದೂರದಿಂದ ಆದೇಶ ಕೊಡುವ ಗುಪ್ತ ಪುಟಗಳು) ತಿಂಗಳಾದರೂ ಉಳಿದಿದ್ದವು. 2021ರ ಏಪ್ರಿಲಿನಲ್ಲಿ ಅಮೆರಿಕದ ಎಫ್‌ಬಿಐ ನ್ಯಾಯಾಲಯದ ಅನುಮತಿ ಪಡೆದು, ತಾನೇ ನೂರಾರು ಸರ್ವರ್‌ಗಳಿಂದ ಅವನ್ನು ತೆಗೆಯಬೇಕಾಯಿತು. ಹೊಸ ಯಂತ್ರದಲ್ಲಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಹಳೆಯದರಿಂದ ಡೇಟಾಬೇಸ್ ಮಾತ್ರ ತನ್ನಿ, ಅದರಲ್ಲಿಯೂ ಅಡ್ಮಿನ್ ಪಟ್ಟಿ ಪರಿಶೀಲಿಸಿ. ಪ್ಲಗಿನ್‌ಗಳನ್ನು ಮೂಲ ತಾಣದಿಂದಲೇ ಮತ್ತೆ ಇಳಿಸಿಕೊಳ್ಳಿ.

ಎಲ್ಲರ ಪಾಸ್‌ವರ್ಡೂ ಬದಲಾಗಬೇಕು. ಓಪನ್‌ಫೈರ್ ಪಾಸ್‌ವರ್ಡ್‌ಗಳನ್ನು ಮತ್ತೆ ಬಿಡಿಸಬಹುದಾದ ಗೂಢಲಿಪಿಯಲ್ಲಿ ಇಟ್ಟಿದ್ದರೆ, ಬಿಡಿಸುವ ಕೀಲಿಯೂ ಅದೇ ಡೇಟಾಬೇಸಿನಲ್ಲಿರುತ್ತದೆ. ಡೇಟಾಬೇಸ್ ಸಿಕ್ಕವನಿಗೆ ಬೀಗದ ಜೊತೆಗೇ ಕೀಲಿಯೂ ಸಿಕ್ಕಂತೆ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕಂಪನಿಗಳು ಅದಕ್ಕೆ ವರದಿ ಮಾಡಬೇಕು. ಲಾಗ್‌ಗಳನ್ನು 180 ದಿನ ಕಾಪಿಡಬೇಕು. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ದೂರು ಕೊಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 7: ಮುಂದಿನ ದಿನಗಳಿಗೆ

ಸರ್ವರ್ ರೂಟ್ ಅಥವಾ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡದಿರಲಿ. ಚಾಟ್ ಸರ್ವರ್ ತಾನಾಗಿ ಇಂಟರ್ನೆಟ್ಟಿಗೆ ಹೋಗುವ ಅಗತ್ಯ ತೀರಾ ಕಡಿಮೆ. ಹೊರಹೋಗುವ ಸಂಪರ್ಕಗಳನ್ನು ಫೈರ್‌ವಾಲ್‌ನಲ್ಲಿ ತಡೆದರೆ, ನುಗ್ಗಿದವನೂ ಮುಂದಿನ ಸರಕನ್ನು ಸುಲಭವಾಗಿ ಇಳಿಸಿಕೊಳ್ಳಲಾರ. ಲಾಗ್‌ಗಳ ನಕಲು ಇನ್ನೊಂದು ಯಂತ್ರಕ್ಕೆ ಹೋಗುತ್ತಿರಲಿ. ಮದರ್‌ಬೋರ್ಡಿನ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಗಡಿಯಾರ ಎಲ್ಲೋ ಹಿಂದಕ್ಕೆ ಓಡಿ, ಲಾಗಿನ ಸಮಯವೆಲ್ಲ ಸುಳ್ಳಾಗುತ್ತದೆ. ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ವ್ಯವಸ್ಥೆ) ಹಾಕಿ ಸಮಯ ಸರಿಯಿಡಿ, ಸರ್ಟ್-ಇನ್ ನಿರ್ದೇಶನದಲ್ಲೂ ಇದು ಇದೆ.

ಆ ಕಾಫಿ ಕಚೇರಿಯಲ್ಲಿ ಈಗ ಅನುಮತಿಸಿದ ಪ್ಲಗಿನ್‌ಗಳ ಮತ್ತು ಇಬ್ಬರು ಅಡ್ಮಿನ್‌ಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ತೂಕದ ರಿಜಿಸ್ಟರಿನ ಒಳರಟ್ಟಿಗೆ ಅಂಟಿಸಿದ್ದೇವೆ. ಪ್ರತಿ ಸೋಮವಾರ ಬೆಳಿಗ್ಗೆ, ಮೊದಲ ಲಾರಿ ತೂಕಕ್ಕೆ ಬರುವ ಮುಂಚೆ, ಅದೇ ಗುಮಾಸ್ತರು ಕನ್ಸೋಲ್ ತೆರೆದು ಚೀಟಿಯ ಜೊತೆ ತಾಳೆ ನೋಡಿ ಸಹಿ ಹಾಕುತ್ತಾರೆ. ಹತ್ತು ನಿಮಿಷದ ಕೆಲಸ.