ಬೆಂಗಳೂರು–ಮಂಗಳೂರು ವಿಮಾನ: ಟಿಕೆಟ್ ಮೇಲಿನ ಒಂದು ಗಂಟೆಯನ್ನಷ್ಟೇ ನೋಡಬೇಡಿ

ಬೆಂಗಳೂರು ವಿಮಾನ ನಿಲ್ದಾಣವಿರುವ ದೇವನಹಳ್ಳಿಯಿಂದ ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಗೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಬೆಂಗಳೂರು ನಗರದಿಂದ ಮಂಗಳೂರಿಗೆ ರಸ್ತೆಯಲ್ಲಿ, ಶಿರಾಡಿ ಘಾಟಿ ಇಳಿದು ಹೋದರೆ ಸುಮಾರು 350. ಟಿಕೆಟ್ ಮೇಲೆ ಒಂದು ಗಂಟೆ ಚಿಲ್ಲರೆ ಅಂತ ಇರುತ್ತದೆ. ಆದರೆ ಗಾಳಿಯಲ್ಲಿ ಇರುವುದು ಮುಕ್ಕಾಲು ಗಂಟೆಯಷ್ಟೇ. ಉಳಿದದ್ದು ರನ್‌ವೇವರೆಗೆ ಹೋಗುವುದಕ್ಕೆ, ಸರದಿಗೆ ಕಾಯುವುದಕ್ಕೆ. ದೂರ ಕಡಿಮೆ, ಹಾಗಾಗಿ ಮೇಲೇರಿದ ಸ್ವಲ್ಪ ಹೊತ್ತಿಗೇ ಇಳಿಯಲು ಶುರು.

ಲೆಕ್ಕ ಹಾಕಬೇಕಾದ್ದು ಮನೆಯಿಂದ ಮನೆಗೆ. ಜಯನಗರ, ಬನಶಂಕರಿ ಕಡೆಯವರಿಗೆ ವಿಮಾನ ನಿಲ್ದಾಣ ಮುಟ್ಟುವುದಕ್ಕೇ ಹಾರಾಟಕ್ಕಿಂತ ಜಾಸ್ತಿ ಹೊತ್ತು ಬೇಕು, ಅಲ್ವಾ? ಸಂಜೆ ಹೆಬ್ಬಾಳದ ಟ್ರಾಫಿಕ್ ಸಿಕ್ಕರೆ ಇನ್ನೂ ಕಷ್ಟ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಒಟ್ಟು ಐದು ಗಂಟೆ ಇಟ್ಟುಕೊಳ್ಳಿ. ಆದರೂ ಬಸ್ಸಿನ ಏಳೆಂಟು ಗಂಟೆಗಿಂತ ವಾಸಿ, ವಯಸ್ಸಾದವರಿಗಂತೂ ತುಂಬಾ ಅನುಕೂಲ.

ಮಳೆಗಾಲದಲ್ಲಿ ಮಾತ್ರ ಹುಷಾರಾಗಿರಿ. ಮಂಗಳೂರಿನ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ, ಅಂಚು ದಾಟಿದರೆ ಕಣಿವೆ. ಜೋರು ಮಳೆಗೆ ಕಣ್ಣಿಗೆ ದಾರಿ ಕಾಣದಿದ್ದರೆ ಪೈಲಟ್ ಇಳಿಸುವುದಿಲ್ಲ. ಸ್ವಲ್ಪ ಹೊತ್ತು ಮೇಲೇ ಸುತ್ತಿ, ಬೇರೆ ಊರಿಗೆ ತಿರುಗಿಸುತ್ತಾರೆ ಅಥವಾ ಬೆಂಗಳೂರಿಗೇ ವಾಪಸ್. ಅದು ಸರಿಯಾದ ಕ್ರಮವೇ, ಸಿಬ್ಬಂದಿ ಮೇಲೆ ರೇಗಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮದುವೆ, ಆಸ್ಪತ್ರೆ ಅಂತ ಹೊರಡುವವರು ಹಿಂದಿನ ದಿನವೇ ಹೋಗಿ. ಬಜ್ಪೆಯಿಂದ ಮುಂದೆ ವಿದೇಶದ ವಿಮಾನ ಹಿಡಿಯುವುದಿದ್ದರೆ ಎರಡನ್ನೂ ಒಂದೇ ಟಿಕೆಟ್‌ನಲ್ಲಿ ಮಾಡಿಸಿ. ಮೊದಲನೆಯದು ತಡವಾದರೆ ಮುಂದಿನ ವ್ಯವಸ್ಥೆ ಕೇಳಲು ಆಗ ಸುಲಭ.