ಹಾಸನದ ಮಹಡಿ ಕೋಣೆಯಲ್ಲಿ ಹೀಲಿಯಂನ ಎರಡು ಎಲೆಕ್ಟ್ರಾನ್‌ಗಳು: ನನ್ನ ಅನುಭವ

ಹೋದ ಫೆಬ್ರವರಿಯ ಒಂದು ಬೆಳಗಿನ ಜಾವ, ಹಾಸನದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ, ಎರಡೂವರೆ ವರ್ಷದಿಂದ ನಾನು ಕಾಯುತ್ತಿದ್ದ ವಿ ಆಕಾರ ಪರದೆಯ ಮೇಲೆ ಮೂಡಿತು. 800 ನ್ಯಾನೋಮೀಟರ್ ಲೇಸರ್ ಸ್ಪಂದಕ್ಕೆ ಸಿಕ್ಕ ಹೀಲಿಯಂ ಪರಮಾಣುಗಳು ಕಳೆದುಕೊಂಡ ಎಲೆಕ್ಟ್ರಾನ್ ಜೋಡಿಗಳ ಸಂವೇಗವನ್ನು ಒಂದರೆದುರು ಇನ್ನೊಂದನ್ನಿಟ್ಟು ಬಿಡಿಸಿದ ನಕ್ಷೆ ಅದು. 2007ರಲ್ಲಿ ಎರಡು ಪ್ರಯೋಗ ತಂಡಗಳು ಅಳೆದು ತೋರಿಸಿದ್ದೂ ಇದೇ ಆಕಾರವನ್ನು. ಕ್ವಾಂಟಂ ಲೋಕದ ಮೂಲ ಸೂತ್ರವಾದ ಷ್ರೋಡಿಂಗರ್ ಸಮೀಕರಣವನ್ನು ಎರಡೂ ಎಲೆಕ್ಟ್ರಾನ್‌ಗಳಿಗೆ ಪೂರ್ತಿಯಾಗಿ ಬಿಡಿಸಲು ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ತಂಡಕ್ಕೆ ಸೂಪರ್‌ಕಂಪ್ಯೂಟರ್ ಬೇಕಾಗಿತ್ತು. ನನ್ನ ಬಳಿ ಇದ್ದದ್ದು ನ್ಯೂಟನ್ನನ ಸಮೀಕರಣಗಳು ಮತ್ತು ಒಂದು ಹಳೆಯ ವರ್ಕ್‌ಸ್ಟೇಷನ್. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಜೋಸೆಫ್ ಎಬರ್ಲಿ, ಕ್ಯಾಲ್ವಿನ್ ಕಾಲೇಜಿನ ಸ್ಟ್ಯಾನ್ಲಿ ಹಾನ್ ಮೊದಲಾದವರು ಈ ದಾರಿಯನ್ನು ಆಗಲೇ ತೆರೆದಿದ್ದರೂ, ಅಟೋಸೆಕೆಂಡಿನ (ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದ ನೂರು ಕೋಟಿಯಲ್ಲೊಂದು ಭಾಗ) ವಿಷಯಕ್ಕೆ ಗೋಲಿಯಾಟದ ಲೆಕ್ಕ ಸಾಲದೆಂದು ಹಿರಿಯರೊಬ್ಬರು ನಾಲ್ಕು ಜನರ ಮುಂದೆ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದುಹೋಗಿತ್ತು.

ಮೊದಲ ಆರು ತಿಂಗಳು ಪೂರ್ತಿ ವ್ಯರ್ಥವಾದವು. ಕೂಲಂಬ್ ವಿಭವವನ್ನು, ಅಂದರೆ ನ್ಯೂಕ್ಲಿಯಸ್ ಎಲೆಕ್ಟ್ರಾನನ್ನು ಸೆಳೆಯುವ ತಳವಿಲ್ಲದ ಗುಂಡಿಯನ್ನು, ತಳ ಕೊಟ್ಟು ಮೃದುಗೊಳಿಸಿದರೆ ಭೌತಶಾಸ್ತ್ರವೇ ಕೆಡುತ್ತದೆ ಎಂಬ ಹಟದಿಂದ ಮೃದುಕರಣದ ಅಂಕಿಯನ್ನು (ಅದು ದೊಡ್ಡದಾದಷ್ಟೂ ಗುಂಡಿಯ ಆಳ ಕಡಿಮೆ) 0.1ರ ಆಸುಪಾಸಿನಲ್ಲಿ ಇಟ್ಟಿದ್ದೆ. ಪರಿಣಾಮವಾಗಿ ಒಂದು ಎಲೆಕ್ಟ್ರಾನ್ ನ್ಯೂಕ್ಲಿಯಸ್‌ನ ಆಳಕ್ಕೆ ಕುಸಿದು, ಹಾಗೆ ಬಿಟ್ಟುಕೊಟ್ಟ ಶಕ್ತಿಯಿಂದ ಇನ್ನೊಂದನ್ನು ಆಚೆಗೆಸೆಯುತ್ತಿತ್ತು. ಸಾವಿರ ಪರಮಾಣುಗಳಲ್ಲಿ ಮುನ್ನೂರರಷ್ಟು ಲೇಸರ್ ಹಾಯುವ ಮೊದಲೇ ಅಯಾನುಗಳಾಗಿರುತ್ತಿದ್ದವು. ಹೀಲಿಯಂನ ಒಟ್ಟು ಬಂಧನ ಶಕ್ತಿ (ಎರಡೂ ಎಲೆಕ್ಟ್ರಾನ್‌ಗಳನ್ನು ಕೀಳಲು ಬೇಕಾದದ್ದು) 2.9035 ಪರಮಾಣು ಏಕಮಾನ, ಅಂದರೆ ಸುಮಾರು 79 ಎಲೆಕ್ಟ್ರಾನ್‌ವೋಲ್ಟ್. ನ್ಯೂಕ್ಲಿಯಸ್‌ನ ವಿದ್ಯುದಂಶವಾದ 2ನ್ನು ಮೃದುಕರಣದ ಅಂಕಿಯಿಂದ ಭಾಗಿಸಿದಾಗ ಬರುವ ಆಳ ಇದಕ್ಕಿಂತ ಕಡಿಮೆ ಇದ್ದರೆ, ಒಂದು ಎಲೆಕ್ಟ್ರಾನ್ ತಳ ಮುಟ್ಟಿದರೂ ಇನ್ನೊಂದಕ್ಕೆ ಹೊರಗೆ ಹೋಗುವಷ್ಟು ಶಕ್ತಿ ಸಿಗದು. ಹಾನ್ ತಂಡ ಬಳಸಿದ 0.825 ಎಂಬ ಅಂಕಿ ಎಲ್ಲಿಂದ ಬಂತೆಂದು ನನಗೆ ನಿಜವಾಗಿ ಅರ್ಥವಾದದ್ದು ಈ ಭಾಗಾಕಾರವನ್ನು ಕೈಯಾರೆ ಮಾಡಿದ ದಿನ.

ಖರ್ಚಿನ ವಿಷಯವನ್ನೂ ಹೇಳಬೇಕು. ನಾಲ್ಕು ಕೋರ್‌ಗಳ ಲ್ಯಾಪ್‌ಟಾಪ್‌ನಲ್ಲಿ, ಪೈಥಾನ್‌ನಲ್ಲಿ, ಒಂದು ಲಕ್ಷ ಜೋಡಿಗಳಿಗೆ ಐದು ದಿನ ಹಿಡಿಯುತ್ತಿತ್ತು. ಗೇಮಿಂಗ್ ಕಾರ್ಡ್ ಕೊಳ್ಳುವಂತೆ ಹಲವರು ಹೇಳಿದರು. ಹದಿನೆಂಟು ಸಾವಿರ ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಕಾರ್ಡ್ ತಂದೆ. ಡಬಲ್ ಪ್ರಿಸಿಷನ್‌ನಲ್ಲಿ (ಹೆಚ್ಚು ಅಂಕೆಗಳ ನಿಖರ ಲೆಕ್ಕ) ಅದರ ವೇಗ ತೀರ ಕುಸಿಯಿತು, ಸಿಂಗಲ್ ಪ್ರಿಸಿಷನ್‌ನಲ್ಲಿ ಶಕ್ತಿಯ ಲೆಕ್ಕ ಕೂಡಿಬರಲಿಲ್ಲ, ಕೊನೆಗೆ ಹನ್ನೊಂದು ಸಾವಿರಕ್ಕೆ ಮಾರಿದೆ. ಆಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಇಪ್ಪತ್ತು ಕೋರ್‌ಗಳ ಹಳೆಯ ಝಿಯಾನ್ ಯಂತ್ರವನ್ನು ಸುಮಾರು ಇಪ್ಪತ್ತೆಂಟು ಸಾವಿರಕ್ಕೆ ತಂದು, ಪ್ರೋಗ್ರಾಮನ್ನೆಲ್ಲ ಫೋರ್ಟ್ರಾನ್‌ನಲ್ಲಿ ಮತ್ತೆ ಬರೆದೆ. ಈಗ ಹತ್ತು ಲಕ್ಷ ಜೋಡಿಗಳ ಲೆಕ್ಕ ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಅದಕ್ಕೂ ಮುಂಚೆ, ಜುಲೈ ಮಳೆಯಲ್ಲಿ ಕರೆಂಟ್ ಹೋಗಿ ನಾಲ್ಕು ದಿನದ ಲೆಕ್ಕ ಮಣ್ಣುಪಾಲಾದ ಮೇಲೆ ಇನ್ವರ್ಟರಿಗೆ ಹದಿನಾಲ್ಕು ಸಾವಿರ ಬೇರೆ ತೆತ್ತಿದ್ದೆ. ನಡುನಡುವೆ ಫಲಿತಾಂಶ ಉಳಿಸುವ ಎರಡು ಸಾಲು ಕೋಡ್ ಮೊದಲೇ ಬರೆದಿದ್ದರೆ ಆ ನಾಲ್ಕು ದಿನ ಉಳಿಯುತ್ತಿದ್ದವು.

ಇಷ್ಟಾದರೂ ವಿ ಆಕಾರ ಬರಲಿಲ್ಲ. ಚದರ ಸೆಂಟಿಮೀಟರಿಗೆ 450 ಲಕ್ಷ ಕೋಟಿ ವ್ಯಾಟ್ ತೀವ್ರತೆಯಲ್ಲಿ, ಲೇಸರ್ ಕ್ಷೇತ್ರ ಹೊರಗೆಳೆದು ದಿಕ್ಕು ಬದಲಿಸಿದಾಗ ಮರಳಿ ಬರುವ ಮೊದಲನೆಯ ಎಲೆಕ್ಟ್ರಾನ್ ಗರಿಷ್ಠ 85 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಹೊತ್ತು ತರುತ್ತದೆ. ಹೀಲಿಯಂ ಅಯಾನಿನಿಂದ ಉಳಿದೊಂದನ್ನು ಕೀಳಲು 54.4 ಸಾಕು. ಜೋಡಿಗಳೇನೋ ಹೊರಬಂದವು, ಎರಡೂ ಒಂದೇ ದಿಕ್ಕಿಗೆ ಹೋದವು, ಆದರೆ ನಕ್ಷೆಯ ಕರ್ಣದ (ಎರಡರ ಸಂವೇಗವೂ ಸಮನಾಗಿರುವ ಗೆರೆ) ಮೇಲೆ ಒಂದು ಮಬ್ಬು ಗುಡ್ಡೆಯಾಗಿ ಕೂತವು. 0.825ರಷ್ಟು ಮೆತ್ತನೆಯ ನ್ಯೂಕ್ಲಿಯಸ್, ಡಿಕ್ಕಿ ಹೊಡೆದ ಎಲೆಕ್ಟ್ರಾನನ್ನು ಬಲವಾಗಿ ಹಿಂದಕ್ಕೆ ತಿರುಗಿಸಲಾರದು. ಆದ್ದರಿಂದ ಮೊದಲನೆಯದು ದೂರ ಹೋದ ಮೇಲೆ ಅಂಕಿಯನ್ನು 0.4ಕ್ಕೆ ಇಳಿಸಬೇಕು. ನಾನು ಇಳಿಸಿದೆ, ಜೋಡಿಗಳ ಎಣಿಕೆ ಅರ್ಧಕ್ಕಿಂತ ಕೆಳಗೆ ಬಿತ್ತು. ಎರಡು ತಿಂಗಳು ತಲೆ ಕೆಡಿಸಿಕೊಂಡ ಮೇಲೆ ತಪ್ಪು ಸಿಕ್ಕಿತು: ಒಳಗುಳಿದ ಎಲೆಕ್ಟ್ರಾನ್ ಒಂದು ಬೋರ್ (ಪರಮಾಣು ಮಟ್ಟದ ಉದ್ದದ ಏಕಮಾನ) ದೂರದಲ್ಲಿದ್ದರೆ, ಅಂಕಿ ಬದಲಾದ ಕ್ಷಣದಲ್ಲೇ ಅದರ ವಿಭವ ಶಕ್ತಿ ಸುಮಾರು 8.5 ಎಲೆಕ್ಟ್ರಾನ್‌ವೋಲ್ಟ್‌ನಷ್ಟು ಇಳಿಯುತ್ತದೆ. ಆ ಇಳಿಕೆಯನ್ನು ಚಲನ ಶಕ್ತಿಯಾಗಿ ಹಿಂದಿರುಗಿಸದಿದ್ದರೆ, ನಮ್ಮ ಕೈಯಿಂದಲೇ ಅದನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕಿದಂತಾಗುತ್ತದೆ. ಅಂಕಿಯನ್ನು ಎಷ್ಟು ದೂರದಲ್ಲಿ ಬದಲಿಸಬೇಕು, ಶಕ್ತಿಯನ್ನು ಯಾವ ದಿಕ್ಕಿಗೆ ತುಂಬಬೇಕು ಎಂಬುದನ್ನು ನಾನು ನೂರಾರು ಬಾರಿ ಓಡಿಸಿ ನಿಗದಿ ಮಾಡಿಕೊಂಡಿದ್ದೇನೆ. ಆ ಎರಡು ಅಳತೆಗಳನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಫೆಬ್ರವರಿಯ ಆ ರಾತ್ರಿ ಹತ್ತು ಲಕ್ಷದಲ್ಲಿ ಎರಡೂ ಎಲೆಕ್ಟ್ರಾನ್ ಹೊರಬಿದ್ದ ಮೂರು ಸಾವಿರ ಚಿಲ್ಲರೆ ಜೋಡಿಗಳು ಸಿಕ್ಕವು. ಅವುಗಳಲ್ಲಿ ಒಂದರ ಹಾದಿಯನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ನೋಡಿದೆ. ಲೇಸರ್ ಕ್ಷೇತ್ರದ ಶಿಖರ ದಾಟಿದ ಕೂಡಲೇ ಹೊರಬಿದ್ದ ಮೊದಲನೆಯ ಎಲೆಕ್ಟ್ರಾನ್ ನಲವತ್ತು ಬೋರ್ ದಾಟಿ ಹೋಗಿ, ಆವರ್ತದ ಮೂರನೆಯ ಎರಡು ಭಾಗ ಕಳೆಯುವಷ್ಟರಲ್ಲಿ ಮರಳಿತು. ಎರಡೂ ಎದುರಾಗಿದ್ದ ಹೊತ್ತು ಇಪ್ಪತ್ತು ಅಟೋಸೆಕೆಂಡಿನ ಆಸುಪಾಸು. ಒಳಗಿನದು ಕಿತ್ತುಬಂತು, ಬಂದದ್ದು ನ್ಯೂಕ್ಲಿಯಸ್ಸನ್ನು ಬಳಸಿ, ಕೊರಳಿಗೆ ಹಗ್ಗ ಬಿಗಿದ ಕರು ಗೂಟ ಸುತ್ತಿ ತಿರುಗುವಂತೆ ಹಿಂದಕ್ಕೆ ಹೊರಳಿ, ಲೇಸರ್ ಕ್ಷೇತ್ರದ ನೂಕನ್ನೂ ಪಡೆದು 2 ಪರಮಾಣು ಏಕಮಾನಕ್ಕಿಂತ ಹೆಚ್ಚಿನ ಸಂವೇಗದಿಂದ ಹೋಯಿತು. ಹಿಂದಕ್ಕೆ ಹೊರಳದ ಎಲೆಕ್ಟ್ರಾನ್ ಆ ಮಿತಿಯನ್ನು ದಾಟುವುದು ಕಷ್ಟ. ವಿ ಆಕಾರದ ಎರಡು ಕಾಲುಗಳು ಇಂಥವುಗಳಿಂದಲೇ ಆದವು.

ಎಲೆಕ್ಟ್ರಾನ್‌ಗಳ ನಡುವಿನ ವಿಕರ್ಷಣೆಯಿಂದಲೇ ಇದೆಲ್ಲ ಆಗುತ್ತಿದೆಯೇ ಎಂದು ತಿಳಿಯಲು, ಮೊದಲನೆಯದು ಹೊರಬಿದ್ದ ಮೇಲೆ ಆ ಬಲವನ್ನು ಸೊನ್ನೆ ಮಾಡಿ ಓಡಿಸಿದೆ. ಮೂರು ಸಾವಿರದ ಬದಲು ಹತ್ತಿಪ್ಪತ್ತು ಜೋಡಿಗಳು ಬಂದವು. ವೃತ್ತೀಯ ಧ್ರುವೀಕರಣದಲ್ಲೂ (ಕ್ಷೇತ್ರ ಹಿಂದುಮುಂದಾಗುವ ಬದಲು ಸುತ್ತುವ ಬೆಳಕು) ಹೀಲಿಯಂ ಬಹುಪಾಲು ಬರಿಗೈಯಲ್ಲಿ ಕಳಿಸಿತು, ಏಕೆಂದರೆ ಹೊರಬಿದ್ದದ್ದು ಸುತ್ತುತ್ತಾ ದೂರವೇ ಉಳಿಯುತ್ತದೆ. ಮೆಗ್ನೀಸಿಯಂನಲ್ಲಿ ಮಾತ್ರ ವೃತ್ತೀಯ ಬೆಳಕಿಗೂ ಮರುಡಿಕ್ಕಿ ಕಂಡಿತು. ಪ್ರಯೋಗದಲ್ಲೂ ಹಾಗೆಯೇ ಕಂಡಿದೆ. ಆ ಹಾದಿಗಳು ಬಹಳ ಸುಂದರವಾಗಿವೆ, ಅವುಗಳ ಹಿಂದೆ ಮೂರು ವಾರ ಕಳೆದದ್ದಕ್ಕೆ ನನಗೆ ಬೇಸರವಿಲ್ಲ.

ಈಗ ಆರ್ಗಾನ್ ಹಿಡಿದಿದ್ದೇನೆ. ಹೊರಗಿನ ಎರಡು ಎಲೆಕ್ಟ್ರಾನ್‌ಗಳ ಒಟ್ಟು ಬಂಧನ ಶಕ್ತಿ ಅಲ್ಲಿ 43.4 ಎಲೆಕ್ಟ್ರಾನ್‌ವೋಲ್ಟ್ ಮಾತ್ರ. ಅದೇ ಭಾಗಾಕಾರದ ಪ್ರಕಾರ ಮೃದುಕರಣದ ಅಂಕಿ 1.25ಕ್ಕಿಂತ ಮೇಲಿರಬೇಕು, ನಾನು 1.5 ಇಟ್ಟಿದ್ದೇನೆ. ತೀವ್ರತೆ ಕಡಿಮೆಯಾದಂತೆ ಜೋಡಿಗಳು ಎದುರುಬದುರು ದಿಕ್ಕಿಗೆ ಹೋಗತೊಡಗಿವೆ. ನಿನ್ನೆ ರಾತ್ರಿ ಹಾಕಿದ ಲೆಕ್ಕ ಈ ಹೊತ್ತಿಗೆ ಆರು ಲಕ್ಷ ದಾಟಿದೆ.