ಗುಡುಗಿದರೆ ಅಮ್ಮ ಪ್ಲಗ್ ಕೀಳುತ್ತಾರೆ, ಸರ್ವರ್ ತಾನೇ ಮಲಗುತ್ತದೆ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಹತ್ತಿರ, ತೋಟದ ಒಳಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು, ಅಷ್ಟೆ. ಇಲ್ಲೊಂದು ಸರ್ವರ್, ಅಂದರೆ ಮನೆಯ ಫೋಟೋ, ಕಾಗದಪತ್ರ ಇಟ್ಟುಕೊಂಡು ಹಗಲೂ ರಾತ್ರಿ ಓಡುವ ಕಂಪ್ಯೂಟರ್, ಇಡ್ತೀನಿ ಅಂದಾಗ ಬೆಂಗಳೂರಿನ ಗೆಳೆಯರು ಯಾವ ಪ್ರೊಸೆಸರ್, ಎಷ್ಟು ರ್‍ಯಾಮ್ ಅಂತ ಕೇಳಿದರು. ಪಕ್ಕದ ಮನೆಯವರು ಕೇಳಿದ್ದು ಒಂದೇ: "ಕರೆಂಟ್ ಹೋದ್ರೆ ಏನ್ ಮಾಡ್ತೀಯ?" ಸರಿಯಾದ ಪ್ರಶ್ನೆ ಅದೇ.

ಯಂತ್ರದ ವಿಷಯ ಬೇಗ ಮುಗಿಸುತ್ತೇನೆ. ಆಫೀಸುಗಳಲ್ಲಿ ಕೆಲವು ವರ್ಷ ದುಡಿದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುವ ಮಿನಿ ಪಿಸಿ. 8ನೇ ತಲೆಮಾರಿನ ಐ5, 16 ಜಿಬಿ ರ್‍ಯಾಮ್, ಮೇಲೆ ಡೆಬಿಯನ್ (ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ) ಮತ್ತು ತಂತ್ರಾಂಶಗಳನ್ನು ಬೇರೆಬೇರೆಯಾಗಿ ಓಡಿಸುವ ಡಾಕರ್. ಸುಮ್ಮನಿದ್ದಾಗ 10 ವ್ಯಾಟ್ ಆಸುಪಾಸು ತಿನ್ನುತ್ತದೆ, ಅಂದರೆ ತಿಂಗಳಿಗೆ ಏಳೆಂಟು ಯೂನಿಟ್. ಹಳೇ ದೊಡ್ಡ ಡೆಸ್ಕ್‌ಟಾಪ್ ಮೂಲೆಯಲ್ಲಿದೆ, ಅದನ್ನೇ ಸರ್ವರ್ ಮಾಡೋಣ ಅನ್ನುವವರು ಒಮ್ಮೆ ಅದರ ವ್ಯಾಟ್ ಲೆಕ್ಕ ಹಾಕಿ ನೋಡಲಿ.

ಎಲ್ಲಿ ಇಡುವುದು ಅನ್ನೋದಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡೆ. ಅಟ್ಟ ಒಣಗಿರುತ್ತದೆ ನಿಜ, ಆದರೆ ಬಚ್ಚಲೊಲೆ ಹೊಗೆಯೆಲ್ಲ ಅಲ್ಲಿಗೇ ಹೋಗುತ್ತದೆ. ಫ್ಯಾನಿಗೆ ಮಸಿ ಹಿಡಿದರೆ ಕಥೆ ಮುಗಿಯಿತು. ಕೊನೆಗೆ ನಡುಮನೆಯ ಒಳಗೋಡೆಗೆ ಎದೆಮಟ್ಟದಲ್ಲಿ ಒಂದು ಹಲಗೆ ಹೊಡೆದೆ. ಮಲೆನಾಡಿನ ಥಂಡಿಗೆ ಎಲೆಕ್ಟ್ರಾನಿಕ್ಸ್ ಉಳಿಯಲ್ಲ ಅಂತಾರೆ. ನಾನು ಕಂಡಂತೆ ಬೂಸಲು ಹಿಡಿಯುವುದು ಆಫ್ ಆಗಿ ಕೂತ ಸಾಮಾನಿಗೆ. ಸದಾ ಓಡುವ ಯಂತ್ರ ಸುತ್ತಲಿನ ಗಾಳಿಗಿಂತ ಒಂದಿಷ್ಟು ಬಿಸಿ ಇರುವುದರಿಂದ ಅದರ ಮೇಲೆ ತೇವ ಕೂರುವುದಿಲ್ಲ. ಆದರೆ ಆ ಬಿಸಿಗೇ ಇರುವೆಗಳು ಬರುತ್ತವೆ. ಗಾಳಿ ಕಿಂಡಿಗಳಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕಟ್ಟಿದ್ದೇನೆ, ತಿಂಗಳಿಗೊಮ್ಮೆ ಬ್ರಶ್ ಆಡಿಸುತ್ತೇನೆ.

ಈಗ ಕರೆಂಟು. ಮನೆಗೆ ಇನ್ವರ್ಟರ್ ಇದ್ದೇ ಇದೆ, ಆದರೆ ತನ್ನ ಬ್ಯಾಟರಿ ಮುಗಿಯುತ್ತಿದೆ ಅಂತ ಅದು ಸರ್ವರಿಗೆ ಹೇಳುವುದಿಲ್ಲ. ದೀಪ ಆರುತ್ತದೆ, ಡಿಸ್ಕ್ ಬರೆಯುತ್ತಿದ್ದ ಹಾಗೇ ನಿಲ್ಲುತ್ತದೆ. ಹಾಗಾಗಿ ಇನ್ವರ್ಟರಿಗೂ ಸರ್ವರಿಗೂ ಮಧ್ಯೆ ಯುಎಸ್‌ಬಿ ಕಿಂಡಿ ಇರುವ ಚಿಕ್ಕ ಯುಪಿಎಸ್ ಸೇರಿಸಿದೆ. ಲೈನ್ ಹೋದಾಗ ಇನ್ವರ್ಟರ್ ಹೊರುತ್ತದೆ, ಯುಪಿಎಸ್ಸಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಯುಪಿಎಸ್ ತನ್ನ ಬ್ಯಾಟರಿಗೆ ಬಂತು ಅಂದರೆ ಇನ್ವರ್ಟರೂ ಕೈಚೆಲ್ಲಿದೆ ಅಂತಲೇ ಅರ್ಥ. ಆ ಸುದ್ದಿಯನ್ನು ಯುಎಸ್‌ಬಿ ವೈರಿನಲ್ಲಿ ಸರ್ವರ್‌ನೊಳಗಿನ ನಟ್ (ನೆಟ್‌ವರ್ಕ್ ಯುಪಿಎಸ್ ಟೂಲ್ಸ್) ಅನ್ನುವ ತಂತ್ರಾಂಶ ಕೇಳಿಸಿಕೊಂಡು, ಐದು ನಿಮಿಷ ಕಾದು, ಎಲ್ಲವನ್ನೂ ಕ್ರಮವಾಗಿ ಮುಚ್ಚುತ್ತದೆ. ಇನ್ವರ್ಟರ್ ಮಾತ್ರ ಸೈನ್ ವೇವ್, ಅಂದರೆ ಲೈನ್ ಕರೆಂಟಿನಂತೆ ನಯವಾದ ಅಲೆ ಕೊಡುವಂಥದ್ದು, ಆಗಿರಬೇಕು. ಸ್ಕ್ವೇರ್ ವೇವ್ ಆದರೆ ಬಹಳಷ್ಟು ಯುಪಿಎಸ್‌ಗಳು ಅದನ್ನು ಕರೆಂಟು ಅಂತ ಒಪ್ಪುವುದೇ ಇಲ್ಲ, ಸುಮ್ಮಸುಮ್ಮನೆ ಬ್ಯಾಟರಿಗೆ ಹಾರುತ್ತವೆ.

ಮಲಗಿಸುವುದು ಸುಲಭ, ಏಳಿಸುವುದರಲ್ಲಿ ಸೂಕ್ಷ್ಮವಿದೆ. ಬಯಾಸ್‌ನಲ್ಲಿ (ಯಂತ್ರ ಏಳುವಾಗ ಮೊದಲು ಓಡುವ ಮೂಲ ತಂತ್ರಾಂಶ) ಕರೆಂಟ್ ಬಂದಾಗ ಏನು ಮಾಡಬೇಕು ಅನ್ನುವ ಆಯ್ಕೆ ಇರುತ್ತದೆ. ‘ಲಾಸ್ಟ್ ಸ್ಟೇಟ್’ ಕೊಟ್ಟರೆ ನಡೆಯಲ್ಲ. ಸರ್ವರ್ ಕ್ರಮವಾಗಿ ಆಫ್ ಆಗಿತ್ತಲ್ಲ, ಆದ್ದರಿಂದ ಆಫ್ ಆಗಿಯೇ ಉಳಿಯುತ್ತದೆ. ‘ಪವರ್ ಆನ್’ ಕೊಡಬೇಕು. ಇಷ್ಟಾದರೂ ಒಂದು ಸಂದು ಉಳಿಯುತ್ತದೆ. ಸರ್ವರ್ ಆಫ್ ಆಗಿದೆ, ಯುಪಿಎಸ್ ಬ್ಯಾಟರಿಯಲ್ಲಿ ಇನ್ನೂ ಜೀವ ಇದೆ, ಅಷ್ಟರಲ್ಲಿ ಲೈನ್ ವಾಪಸ್ ಬಂತು ಅಂದುಕೊಳ್ಳಿ. ಕರೆಂಟು ಹೋದದ್ದೇ ಆ ಮದರ್‌ಬೋರ್ಡಿಗೆ ಗೊತ್ತಿಲ್ಲ. ಏಳುವ ಪ್ರಶ್ನೆಯೇ ಬರಲ್ಲ. ಅದಕ್ಕೇ ನಟ್ ಕೊನೇ ಗಳಿಗೆಯಲ್ಲಿ ಯುಪಿಎಸ್‌ಗೇ "ನಿನ್ನ ಔಟ್‌ಪುಟ್ ಕಡಿ, ಲೈನ್ ಬಂದ ಮೇಲೆ ಕೊಡು" ಅಂತ ಆಜ್ಞೆ ಕೊಟ್ಟು ಹೋಗುವ ಹಾಗೆ ಹೊಂದಿಸಿದೆ. ಈ ಆಜ್ಞೆ ಪಾಲಿಸದ ಯುಪಿಎಸ್‌ಗಳೂ ಇವೆ, ಕೊಳ್ಳುವ ಮೊದಲು ನಟ್‌ನ ಹಾರ್ಡ್‌ವೇರ್ ಪಟ್ಟಿ ನೋಡಿ.

ಇನ್ನು ಸಿಡಿಲು. ಏಪ್ರಿಲ್-ಮೇ ಸಂಜೆ ಗುಡುಗಿತು ಅಂದರೆ ನಮ್ಮ ಕಡೆ ಮನೆಮನೆಯಲ್ಲೂ ಪ್ಲಗ್ ಕೀಳುತ್ತಾರೆ. ಅಮ್ಮನಿಗೆ ಅದು ಬಟ್ಟೆ ಒಳಗೆ ತಂದಷ್ಟೇ ಸಹಜ. ತಡೆಯುವುದು ಸಾಧ್ಯವಿಲ್ಲ, ತಡೆಯಲೂಬಾರದು. ಯಾವ ಸ್ಪೈಕ್ ಗಾರ್ಡೂ ಕಿತ್ತಿಟ್ಟ ಪ್ಲಗ್ಗಿಗೆ ಸಮ ಅಲ್ಲ. ಹಾಗಾಗಿ ಯುಪಿಎಸ್, ಸರ್ವರ್, ರೌಟರ್ ಎಲ್ಲಕ್ಕೂ ಗೋಡೆಗೆ ಹೋಗುವುದು ಒಂದೇ ಪ್ಲಗ್, ಅದಕ್ಕೆ ಕೆಂಪು ಟೇಪ್. ಅವರು ಕೀಳುತ್ತಾರೆ, ಐದು ನಿಮಿಷಕ್ಕೆ ಸರ್ವರ್ ಮಲಗುತ್ತದೆ. ಮಳೆ ಬಿಟ್ಟ ಮೇಲೆ ಅವರೇ ಹಾಕುತ್ತಾರೆ, ಅದೇ ಏಳುತ್ತದೆ. ಫೈಬರಿನ ಗಾಜಿನ ಎಳೆಯಲ್ಲಿ ಸಿಡಿಲು ಹರಿಯಲ್ಲ, ಆದರೆ ಕೇಬಲ್ ಜೊತೆ ಬಲಕ್ಕೆ ಬರುವ ಉಕ್ಕಿನ ತಂತಿಯಲ್ಲಿ ಹರಿಯಬಹುದು. ಆ ತಂತಿಯನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಿದ್ದೇನೆ.

ಸಂತೋಷ ಎಲ್ಲಿ ಅಂದರೆ, ಲಾಗ್‌ನಲ್ಲಿ, ಸರ್ವರ್ ಬರೆದಿಡುವ ದಿನಚರಿಯಲ್ಲಿ. ಸರ್ವರ್ ಇಟ್ಟವರು ಅಪ್‌ಟೈಮ್ (ಆಫ್ ಆಗದೆ ಓಡಿದ ಅವಧಿ) ತೋರಿಸಿ ಬೀಗುತ್ತಾರೆ, ಮುನ್ನೂರು ದಿನ, ನಾನೂರು ದಿನ ಅಂತ. ಜೂನ್-ಜುಲೈನಲ್ಲಿ ನನ್ನದು ಒಂದು ವಾರ ದಾಟಿದರೆ ಹೆಚ್ಚು. ನಾನು ನೋಡುವುದು ಅದನ್ನಲ್ಲ. ಸರ್ವರ್ ಎದ್ದಾಗ ಡಿಸ್ಕಿನ ಎಕ್ಸ್‌ಟಿ4 ಕಡತವ್ಯವಸ್ಥೆ ‘ರಿಕವರಿಂಗ್ ಜರ್ನಲ್’, ಅಂದರೆ ಅರ್ಧಕ್ಕೆ ನಿಂತ ಬರಹ ಸರಿಮಾಡುತ್ತಿದ್ದೇನೆ, ಅಂದಿತಾ ಅಂತ ಹುಡುಕುತ್ತೇನೆ. ಆ ಸಾಲು ಇಲ್ಲ ಅಂದರೆ ಹಿಂದಿನ ಸಲ ಎಲ್ಲ ಬರೆದು ಮುಗಿಸಿ, ಬಾಗಿಲು ಹಾಕಿಯೇ ಮಲಗಿತ್ತು ಅಂತ. ಹೊರಗೆ ಮರ ಮುರಿಯುವ ಗಾಳಿ, ಒಳಗೆ ಲಾಗ್ ಪೂರ್ತಿ ಸ್ವಚ್ಛ. ಕಾಫಿ ಕುಡಿಯುತ್ತಾ ಅದನ್ನು ಮತ್ತೆ ಮತ್ತೆ ಸ್ಕ್ರಾಲ್ ಮಾಡುವ ಸುಖ ಮನೆಯಲ್ಲಿ ಬೇರೆ ಯಾರಿಗೂ ಅರ್ಥವಾಗುವುದಿಲ್ಲ.

ಮನೆಯವರಿಗೆ ಗೊತ್ತಿರುವುದು ಅದು ಮಾಡುವ ಕೆಲಸ ಮಾತ್ರ. ಫೋಟೋಗಳಿಗೆ ಇಮಿಚ್ ಅನ್ನುವ ತಂತ್ರಾಂಶ ಇದೆ. ಗೂಗಲ್ 2021ರ ಜೂನ್ 1ರಿಂದ ಫೋಟೋಗಳ ಅನಿಯಮಿತ ಉಚಿತ ಸಂಗ್ರಹ ನಿಲ್ಲಿಸಿದಾಗಲೇ ಈ ಯೋಚನೆ ಶುರುವಾಗಿತ್ತು. ಕಾಗದಪತ್ರಕ್ಕೆ ಪೇಪರ್‌ಲೆಸ್: ಪಹಣಿ, ಅಡಿಕೆ ಮಂಡಿ ಚೀಟಿ, ಸೊಸೈಟಿ ಸಾಲದ ರಸೀದಿ ಸ್ಕ್ಯಾನ್ ಮಾಡಿ ಹಾಕಿದರೆ ಅದರೊಳಗಿನ ಟೆಸೆರಾಕ್ಟ್ ಕನ್ನಡ ಅಕ್ಷರ ಓದಿ ಇಡುತ್ತದೆ. ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡವನ್ನು ನಾವೇ ಸೇರಿಸಬೇಕು. ಅಚ್ಚಾದ ಅಕ್ಷರ ಚೆನ್ನಾಗಿ ಓದುತ್ತದೆ, ಒತ್ತಕ್ಷರದಲ್ಲಿ ಆಗಾಗ ಎಡವುತ್ತದೆ, ಶ್ಯಾನುಭೋಗರ ಕಾಲದ ಕೈಬರಹದ ಆಸೆ ಬಿಟ್ಟುಬಿಡಿ.

ಅಪ್ಪನಿಗೆ ಬೇಕಾದ್ದು ತಾಳಮದ್ದಳೆ. ಅಜ್ಜ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ತುಂಬಿಸಿದ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಿ ಹಾಡು, ವಿಡಿಯೋ ನುಡಿಸುವ ಜೆಲ್ಲಿಫಿನ್‌ಗೆ ಹಾಕಿದೆ. ಹೋದ ಆಷಾಢದಲ್ಲಿ ಮರ ಬಿದ್ದು ಫೈಬರ್ ತುಂಡಾಗಿ, ಸರಿಮಾಡುವವರು ಬರಲು ವಾರವೇ ಹಿಡಿಯಿತು. ಮೊಬೈಲ್ ಸಿಗ್ನಲ್ ಮೊದಲೇ ಇಲ್ಲ. ಮನೆಯೊಳಗಿನ ವೈಫೈಗೆ ಹೊರಗಿನ ಇಂಟರ್ನೆಟ್ ಬೇಕಿಲ್ಲವಲ್ಲ, ಜಗಲಿಯಲ್ಲಿ ಕರ್ಣ ಕೃಷ್ಣನ ಜೊತೆ ವಾದ ಮಾಡುತ್ತಲೇ ಇದ್ದ. ನೆಟ್ ಇಲ್ಲ ಅಂತ ಅಪ್ಪನಿಗೆ ಗೊತ್ತಾಗಿದ್ದು ಅಡಿಕೆ ಧಾರಣೆ ನೋಡಲು ಹೋದಾಗ.

ಹೊರಗಿನಿಂದ ಸರ್ವರ್ ತಲುಪಲು ವೈರ್‌ಗಾರ್ಡ್, ಇಂಟರ್ನೆಟ್ಟಿನೊಳಗೆ ಗೂಢಲಿಪಿಯ ಸುರಂಗ ಹಾಕುವ ತಂತ್ರಾಂಶ. ನಿಮ್ಮ ರೌಟರಿನ ಹೊರಗಿನ ವಿಳಾಸ 100.64ರಿಂದ 100.127ರ ಒಳಗಿದ್ದರೆ ನಿಮಗೆ ಸ್ವಂತ ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ನೇರ ತಲುಪಬಹುದಾದ ವಿಳಾಸ, ಇಲ್ಲ; ರೌಟರಿನಲ್ಲಿ ಪೋರ್ಟ್ (ಒಳಗೆ ಬರುವ ಬಾಗಿಲು) ತೆರೆದು ಪ್ರಯೋಜನವಿಲ್ಲ. ಮಧ್ಯೆ ಬಾಡಿಗೆಯ ಒಂದು ಪುಟ್ಟ ಸರ್ವರ್ ಬೇಕು. ನನ್ನದೂ ಹಾಗೇ. ಅದೇ ದಾರಿಯಲ್ಲಿ ರಾತ್ರಿ ಶಿವಮೊಗ್ಗದ ವಿನೋಬನಗರದಲ್ಲಿರುವ ಅಕ್ಕನ ಮನೆಯ ಡಿಸ್ಕಿಗೆ ರೆಸ್ಟಿಕ್ ಮೂಲಕ ಬ್ಯಾಕಪ್ ಹೋಗುತ್ತದೆ. ಒಂದೇ ಸಿಡಿಲು ಎರಡೂ ಮನೆಗೆ ಹೊಡೆಯಲಾರದು.

ಸದ್ಯಕ್ಕೆ ಇರುವ ಕೆಲಸ ಯುಪಿಎಸ್ ಬ್ಯಾಟರಿಯದ್ದು. 12 ವೋಲ್ಟ್, 7 ಎಎಚ್‌ನ ಆ ಚಿಕ್ಕ ಲೆಡ್ ಆಸಿಡ್ ಬ್ಯಾಟರಿ ಎರಡು-ಮೂರು ವರ್ಷಕ್ಕೆ ಸೋಲುತ್ತದೆ. ಮೇ ಮುಗಿಯುವುದರೊಳಗೆ ಹೊಸದು ತಂದು, ನಾನೇ ಪ್ಲಗ್ ಕಿತ್ತು ಎಷ್ಟು ಹೊತ್ತು ತಡೆಯುತ್ತದೆ ಅಂತ ನೋಡಬೇಕು.